ಹಸಿದ ಕೈಯ ಗುರುತು

ಮನುಷ್ಯನ ಕೈ ಸುಮ್ಮನಿರುವುದಿಲ್ಲ. ಎಷ್ಟೇ ಬಿಗಿಹಿಡಿದರೂ, ಉಸಿರು ಕಟ್ಟಿ ಕೂತರೂ ಒಳಗೊಂದು ಸಣ್ಣ ಕಂಪನ ನಡೆದೇ ಇರುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲೂ ಕೆರೆಯ ನೀರು ದಡಕ್ಕೆ ತಾಗಿ ತಾಗಿ ಸರಿಯುವ ಹಾಗೆ. ಎದೆಯ ಬಡಿತ ಅದಕ್ಕೊಂದು ಪಾಲು ಕೊಡುತ್ತದೆ, ನರಗಳು ಒಂದು ಪಾಲು, ತೋಳಿನ ಸ್ನಾಯು ಒಂದು ಪಾಲು. ವೈದ್ಯರಿಗೆ ಇದು ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಈ ಕಂಪನವನ್ನೇ ಒಬ್ಬೊಬ್ಬರ ಗುರುತಾಗಿಸಿ ಲೇಖನಿಯೊಳಗೆ ಕೂರಿಸಬಹುದೆಂದು ಯಾರಿಗೋ ತೋಚಿದ್ದು ಮಾತ್ರ ತಡವಾಗಿ. ಅಷ್ಟು ಹೊತ್ತಿಗೆ ಚಿತ್ರ ಬರೆಯುವ ಯಂತ್ರಗಳು ಊರೂರಿಗೂ ಬಂದಿದ್ದವು. ಲಗ್ನಪತ್ರಿಕೆಯಿಂದ ಹಿಡಿದು ಉಪ್ಪಿನಕಾಯಿ ಬಾಟಲಿಯ ಲೇಬಲ್ಲಿನವರೆಗೆ ಎಲ್ಲಕ್ಕೂ ಒಂದೇ ಮುಖ ಬಂದು, ನೋಡಿ ನೋಡಿ ಜನರಿಗೆ ಸಾಕಾಗಿತ್ತು.

ಹಾಗೆ ಹುಟ್ಟಿದ್ದು ಕೈಸಾಕ್ಷಿ ಎಂಬ ಲೇಖನಿ. ಗಾಜಿನ ಹಲಗೆಯ ಮೇಲೆ ಅದರಿಂದ ಬರೆದರೆ ಸಾಕು. ಗೆರೆಯ ಜೊತೆಗೆ ಗೆರೆಯೊಳಗಿನ ನಡುಕವನ್ನೂ ಅದು ಓದಿಕೊಳ್ಳುತ್ತದೆ. ತನ್ನ ಒಡೆಯರ ಕೈಯೇ ಹೌದೆಂದು ಗುರುತು ಸಿಕ್ಕಿದರೆ ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಅಂಗೈ ಮೂಡಿಸುತ್ತದೆ. ಆ ಅಂಗೈ ಇದ್ದ ಚಿತ್ರಕ್ಕೆ ಮರ್ಯಾದೆ. ಇಲ್ಲದ್ದನ್ನು ಯಂತ್ರದ್ದೆಂದು ಬದಿಗೆ ಸರಿಸುವುದು ರೂಢಿಯಾಗಿತ್ತು.

ಗದಗಿನ ಪ್ರೆಸ್ಸುಗಳ ಓಣಿಯ ಹಿಂದೆ ಬಾಡಿಗೆ ಮನೆಯಲ್ಲಿದ್ದ ದಾನೇಶ್ವರಿ ಬಣಗಾರ ಆ ಅಂಗೈಯನ್ನೇ ನಂಬಿ ಬದುಕಿದವಳು. ಯಾವ ಪ್ರೆಸ್ಸಿನ ನೌಕರಳೂ ಅಲ್ಲ, ಎಲ್ಲ ಪ್ರೆಸ್ಸಿನವರಿಗೂ ಬೇಕಾದವಳು. ಕ್ಯಾಲೆಂಡರಿನ ಅಂಚು, ಊದಿನಕಡ್ಡಿ ಪೊಟ್ಟಣದ ನವಿಲು, ಶಾಲೆಯ ವಾರ್ಷಿಕ ಗ್ಯಾದರಿಂಗಿನ ಆಮಂತ್ರಣ, ಯಾರದೋ ತೀರಿಕೊಂಡ ತಾಯಿಯ ನೆನಪಿನ ಪತ್ರ, ಎಲ್ಲವೂ ಅವಳ ಹಲಗೆಗೆ ಬರುತ್ತಿದ್ದವು. ‘ಸ್ವಲ್ಪ ಎದ್ದು ಕಾಣಂಗ ಮಾಡ್ರಿ ಅಕ್ಕಾರ’ ಎನ್ನುವರು. ಎದ್ದು ಕಾಣುವಂತೆ ಮಾಡಿದರೆ, ‘ಭಾಳ ಎದ್ದತಿ ನೋಡ್ರಿ, ಒಂದೀಟು ಕುಂದರಸ್ರಿ’ ಎನ್ನುವರು. ಕೊನೆಗೆ ಮೊದಲು ಬರೆದದ್ದನ್ನೇ ಒಪ್ಪಿಕೊಂಡು, ಈಗ ಸರಿ ಆತು ನೋಡ್ರಿ ಎಂದು ಹೊರಡುವರು. ದಾನೇಶ್ವರಿ ತಕರಾರು ಮಾಡುವವಳಲ್ಲ. ತಲೆಯಾಡಿಸಿ, ಹಲಗೆಯನ್ನು ಸೆರಗಿನಿಂದ ಒರೆಸಿ, ಮುಂದಿನದಕ್ಕೆ ಕೈ ಹಾಕುವಳು. ದಣಿವು ಅವಳಿಗೆ ಮನೆಮಂದಿಯ ಹಾಗೆ ಆಗಿಹೋಗಿತ್ತು; ಬಂದರೆ ಕೂರು ಅನ್ನುವುದು, ಹೋದರೆ ಎಲ್ಲಿ ಹೋಯಿತೆಂದು ನೋಡುವುದು.

ಆಷಾಢದಲ್ಲಿ ಒಂದು ಮುಂಜಾನೆ ಬರೆಯುತ್ತ ಕೂತಲ್ಲೇ ಅವಳಿಗೆ ಕಣ್ಣು ಕತ್ತಲಿಟ್ಟಿತು. ಆಸ್ಪತ್ರೆಗೆ ಕರೆದೊಯ್ದರು. ಹೊಟ್ಟೆಯೊಳಗೆ ಹುಣ್ಣಾಗಿದೆ, ರಕ್ತ ಕಡಿಮೆಯಾಗಿದೆ ಎಂದ ಡಾಕ್ಟರು ಗುಳಿಗೆ ಬರೆದುಕೊಟ್ಟು, ಎದ್ದ ಕೂಡಲೇ ಏನಾದರೂ ತಿನ್ನಲೇಬೇಕೆಂದು ಕಟ್ಟಪ್ಪಣೆ ಮಾಡಿದರು. ಅಲ್ಲಿಂದ ಬಂದ ಮೇಲೆ ಕೆಲವು ವಾರ ಲೇಖನಿ ಮುಟ್ಟಲಿಲ್ಲ. ಉಂಡಳು, ಮಲಗಿದಳು, ಕಿಟಕಿಯ ಹೊರಗೆ ಪ್ರೆಸ್ಸಿನ ಹುಡುಗಿಯರು ಬಂದುಹೋಗುವುದನ್ನು ನೋಡಿದಳು. ಕೆನ್ನೆಗೆ ಒಂದಿಷ್ಟು ಬಣ್ಣ ಬಂತು. ಶ್ರಾವಣದ ಕ್ಯಾಲೆಂಡರ್ ಕೆಲಸ ಬಂದಾಗ ಮತ್ತೆ ಹಲಗೆಯ ಮುಂದೆ ಕೂತಳು.

ಲೇಖನಿ ಅವಳನ್ನು ಗುರುತಿಸಲಿಲ್ಲ.

ಮೂಲೆಯಲ್ಲಿ ಅಂಗೈ ಮೂಡುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ ನಿಂತಿತು. ಒರೆಸಿ ನೋಡಿದಳು, ಲೇಖನಿಯನ್ನು ತೊಳೆದು ನೋಡಿದಳು, ದೇವರ ಮುಂದಿಟ್ಟು ತಂದು ನೋಡಿದಳು. ಚುಕ್ಕೆ ಹೋಗಲಿಲ್ಲ. ಕೊನೆಗೆ ಕೈಸಾಕ್ಷಿಯ ಸಹಾಯವಾಣಿಗೆ ಫೋನು ಮಾಡಿದಳು.

“ನಮಸ್ಕಾರ, ದಾನೇಶ್ವರಿಯವರೇ. ತಮ್ಮ ಧ್ವನಿಯಿಂದ ತಮ್ಮನ್ನು ಗುರುತಿಸಿದ್ದೇವೆ,” ಎಂದಿತು ಒಂದು ಹೆಣ್ಣುದನಿ. ಅದು ಯಂತ್ರದ ದನಿ; ಎಲ್ಲಿಯೂ ಉಸಿರು ತೆಗೆದುಕೊಳ್ಳದ್ದರಿಂದ ತಿಳಿಯುತ್ತಿತ್ತು. ಚಿಕ್ಕಂದಿನಿಂದ ಮಠದಲ್ಲಿ ಪುರಾಣ ಕೇಳಿ ಬೆಳೆದ ದಾನೇಶ್ವರಿಗೆ ಮಾತಿನ ನಡುವಿನ ಉಸಿರು ಬೇಕು. ಪದ್ಯ ಓದುವವರು ಸಾಲಿನ ನಡುವೆ ಒಂದು ಗುಟುಕು ಗಾಳಿ ಹೀರುವಾಗಲೇ ಅವಳಿಗೆ ಅರ್ಥ ಇಳಿಯುತ್ತಿದ್ದದ್ದು. ಈ ದನಿಯಲ್ಲಿ ಇಳಿಯಲು ಜಾಗವೇ ಇರಲಿಲ್ಲ.

“ನನ್ನ ಪೆನ್ನು ನನ್ನ ಗುರುತು ಹಿಡಿವಲ್ದುರಿ,” ಎಂದಳು.

“ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಪರಿಶೀಲಿಸಿದ್ದೇವೆ. ಧ್ವನಿ ದಾನೇಶ್ವರಿಯವರದು. ಕೈ ದಾನೇಶ್ವರಿಯವರದಲ್ಲ.”

ಫೋನಿನ ಮಾತು ಹೊರಗೆ ಕೇಳುತ್ತಿತ್ತು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಅವಳ ಗಂಡ ವಿರೂಪಾಕ್ಷಪ್ಪ ಅಲ್ಲೇ ನಿಂತ. ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಮಾಡುವವನು ಅವನು. ಬೆರಳುಗಳಿಗೆ ಯಾವಾಗಲೂ ಅಂಟಿನ ವಾಸನೆ.

“ಹಂಗಾರ ಕೈ ಯಾರ್ದಂತ ಕೇಳು,” ಎಂದ. “ಯಾರ್ದೋ ಕೈ ಬಂದು ನಮ್ಮನಿಯಾಗ ರೊಟ್ಟಿ ಬಡಿಯಾಕತ್ತೈತಿ ಅಂದ್ರ ನಂಗೂ ಗೊತ್ತಾಗಬೇಕಲ್ಲ.”

“ನೀವು ಸುಮ್ಮಿರ್ರಿ.”

“ಸುಮ್ಮಿರಂದರ ಸುಮ್ಮಿರತೀನಿ. ಆದ್ರ ರೊಟ್ಟಿ ಮಾತ್ರ ಹಿಂದಿನಕಿಂತ ಛಲೋ ಆಗ್ಯಾವ ನೋಡು.”

ಅವಳು ನಕ್ಕಳು. ಆ ದಿನ ನಕ್ಕಳು. ಆಮೇಲಿನ ದಿನಗಳಲ್ಲಿ ನಗು ಕಡಿಮೆಯಾಯಿತು. ಮುಂಜಾನೆ ಎದ್ದು ಸಹಾಯವಾಣಿಗೆ ಫೋನು ಮಾಡುವುದೇ ಒಂದು ಕೆಲಸವಾಯಿತು. ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಪ್ರತಿ ಸಲವೂ ಆ ದನಿ ಅಷ್ಟೇ ಮೃದುವಾಗಿ ಅರ್ಥವಾಗುತ್ತದೆ ಎನ್ನುವುದು. ಬೈದರೆ ಬೈಸಿಕೊಳ್ಳುತ್ತಿತ್ತು, ಅತ್ತಿದ್ದರೆ ಅಳುವನ್ನೂ ಕೇಳಿಸಿಕೊಳ್ಳುತ್ತಿತ್ತೇನೋ. ಗೋಡೆಗಾದರೂ ಗುದ್ದಬಹುದು, ಹತ್ತಿಯ ಮೂಟೆಗೆ ಎಷ್ಟು ಗುದ್ದುವುದು?

ಒಂದು ದಿನ ಆ ದನಿ ತಾನಾಗಿಯೇ ಫೋನು ಮಾಡಿ ಎರಡು ದಾರಿಗಳನ್ನು ಮುಂದಿಟ್ಟಿತು. ದಾನೇಶ್ವರಿಯವರು ಹೊಸಬರೆಂದು ಹೊಸ ಕೈಯನ್ನು ದಾಖಲು ಮಾಡಿಸಬಹುದು. ಆಗ ಹಳೆಯ ಚಿತ್ರಗಳಿಗೆಲ್ಲ ಒಡೆಯರಿಲ್ಲದಂತಾಗಿ ದಾಖಲೆಯಿಂದ ಅವುಗಳ ಅಂಗೈ ಅಳಿಸಿಹೋಗುತ್ತದೆ. ಇಲ್ಲವೇ ಹುಬ್ಬಳ್ಳಿಯ ಪರೀಕ್ಷಾ ಕೇಂದ್ರಕ್ಕೆ ಹೋಗಿ ಹಳೆಯ ಕೈಯೇ ತನ್ನದೆಂದು ತೋರಿಸಬಹುದು. ಈ ತಿಂಗಳೊಳಗೆ ಎರಡರಲ್ಲಿ ಒಂದಾಗದಿದ್ದರೆ ಖಾತೆ ತಾನಾಗಿ ಮುಚ್ಚುತ್ತದೆ.

ಆ ಮಧ್ಯಾಹ್ನ ಅವಳು ಗೋಡೆಗೆ ಒರಗಿ ಕೂತಳು. ಯಾರಯಾರ ಮನೆಯ ಗೋಡೆಯಲ್ಲೋ ತೂಗುತ್ತಿರುವ ಕ್ಯಾಲೆಂಡರುಗಳು ಕಣ್ಣ ಮುಂದೆ ಬಂದವು. ಯಾವ ದೊಡ್ಡ ಕಲೆಯೂ ಅಲ್ಲ ಅದು. ಹಾಲಿನವನ ಲೆಕ್ಕ ಗೀಚಿದ ಕಾಗದ, ಎಣ್ಣೆ ಕೈ ತಾಗಿ ಮಾಸಿದ ಅಂಚು. ಆದರೂ ಅವಳು ಬರೆದದ್ದು. ಅವೆಲ್ಲ ಯಾವುದೋ ಯಂತ್ರ ಉಗುಳಿದ್ದೆಂದು ತಿಂಗಳು ಮುಗಿಯುವುದರೊಳಗೆ ತೀರ್ಮಾನವಾಗಿಬಿಟ್ಟರೆ, ಇಷ್ಟು ಕಾಲ ಈ ಹಲಗೆಯ ಮುಂದೆ ಕೂತಿದ್ದವಳು ಯಾರು?

ಹುಬ್ಬಳ್ಳಿಗೆ ಬೆಳಗಿನ ಬಸ್ಸಿಗೇ ಹೋದಳು. ಡಾಕ್ಟರ ಮಾತು ಮೀರದೆ ರೊಟ್ಟಿ ತಿಂದೇ ಹೊರಟಿದ್ದಳು.

ಪರೀಕ್ಷಾ ಕೇಂದ್ರ ತಣ್ಣಗಿನ ಕೋಣೆ, ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಜನರ ಕೈನಡುಕದ ಗೆರೆಗಳು. ಅಲ್ಲಿ ಕೂತಿದ್ದ ಪರೀಕ್ಷಕಿ ಹಫೀಜಾ ಮುಲ್ಲಾ ನಡುವಯಸ್ಸಿನವಳು, ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಟ್ಟು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು.

“ಹಣಿ ಮ್ಯಾಲೈತ್ರಿ,” ಎಂದಳು ದಾನೇಶ್ವರಿ.

“ಹೌದಲ್ಲ,” ಎಂದು ಹಫೀಜಾ ಅದನ್ನು ಇಳಿಸಿಕೊಂಡಳು. “ಮಂದಿ ಕೈ ನೋಡಿ ನೋಡಿ ನನ್ನ ತಲಿ ಎಲ್ಲೈತಿ ಅನ್ನೋದ ಮರತೀನ್ರಿ. ಕುಂದರ್ರಿ. ಒಂದು ಗೆರಿ ಎಳೀರಿ ನೋಡೂಣು.”

ದಾನೇಶ್ವರಿ ಎಳೆದಳು. ಪರದೆಯ ಮೇಲೆ ಎರಡು ಸಾಲು ಮೂಡಿದವು. ಮೇಲಿನದು ಹಿಂದಿನ ವರ್ಷಗಳ ಕೈ: ಗರಗಸದ ಹಲ್ಲಿನಂತೆ ಮೊನಚು ಮೊನಚಾಗಿ, ಒತ್ತೊತ್ತಾಗಿ ಇತ್ತು. ಕೆಳಗಿನದು ಈಗಿನ ಕೈ: ಅದೇ ಹಲ್ಲುಗಳು ಸವೆದು ಅಲೆಯಂತೆ ಮಲಗಿದ್ದವು.

“ಇಬ್ಬರು ಬ್ಯಾರೆ ಬ್ಯಾರೆ ಮಂದಿರಿ ಇವ್ರು,” ಎಂದಳು ಹಫೀಜಾ, ಬೇಸರದಿಂದಲೇ. “ನಾ ಸುಳ್ಳ ಹೇಳೂದಿಲ್ಲ. ನಿಮ್ಮ ಆಧಾರ್ ಕಾರ್ಡ ಐತಿ, ಮುಖ ಐತಿ, ದನಿ ಐತಿ. ಆದ್ರ ಪೆನ್ನಿಗೆ ಇವು ಯಾವೂ ಬ್ಯಾಡ. ಕೈ ಒಂದ ಬೇಕು.”

“ಕೈ ಒಂದ ಐತಲ್ರಿ ಯವ್ವಾ. ಹುಟ್ಟಿದಾಗಿಂದ ಇದ ಕೈ.”

“ಹೊರಗ ಕುಂದರ್ರಿ. ನಿಯಮದ ಪ್ರಕಾರ ಇನ್ನೊಂದ ಸಲ ನೋಡಬೇಕು. ಮುಂದ ಭಾಳ ಮಂದಿ ಅದಾರು.”

ಹೊರಗಿನ ಬೆಂಚಿನ ತುಂಬ ಕೈಗಳು. ಪಾರ್ಶ್ವವಾಯು ಬಡಿದ ಚಿತ್ರಗಾರರೊಬ್ಬರು, ಬೆರಳು ಮುರಿದುಕೊಂಡ ರಂಗೋಲಿ ಕಲಾವಿದೆ, ಹೆರಿಗೆಯಾದ ಮೇಲೆ ಗುರುತು ತಪ್ಪಿದ ಬಾಣಂತಿ. ಎಲ್ಲರೂ ತಮ್ಮ ತಮ್ಮ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪರರ ಮನೆಯ ಕೂಸನ್ನು ಎತ್ತಿಕೊಂಡವರ ಹಾಗೆ ಕೂತಿದ್ದರು. ಎದ್ದುಹೋದರೆ ಸರದಿ ತಪ್ಪೀತೆಂದು ದಾನೇಶ್ವರಿ ಊಟಕ್ಕೂ ಏಳಲಿಲ್ಲ. ಹೊಟ್ಟೆ ಉರಿಯತೊಡಗಿತು. ಮತ್ತೆ ಒಳಗೆ ಕರೆದಾಗ ಹೊತ್ತು ಇಳಿಯುತ್ತಿತ್ತು.

ಈ ಸಲ ಗೆರೆ ಎಳೆದೊಡನೆ ಹಫೀಜಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕೆಳಗಿನ ಸಾಲಿನ ಅಲೆಗಳು ಎದ್ದು ನಿಂತಿದ್ದವು. ಪೂರ್ತಿ ಹಳೆಯ ಕೈಯಲ್ಲ, ಆದರೆ ಅದರ ತಂಗಿ.

“ಮುಂಜಾನಿಗೂ ಈಗಿಗೂ ಏನು ಫರಕ್ ಆತ್ರಿ?”

“ಏನೂ ಇಲ್ಲ. ಬೆಂಚಿನ ಮ್ಯಾಲ ಕುಂತಿದ್ದೆ.”

“ಉಂಡ್ರಿ?”

“ಎಲ್ಲಿ ಉಣ್ಣಲಿ?”

ಹಫೀಜಾ ಪರದೆಯ ಮೇಲಿನ ಮೊನಚುಗಳತ್ತ ಬೆರಳು ತೋರಿಸಿದಳು. “ರಂಜಾನ್ ತಿಂಗಳದಾಗ ರೋಜಾ ಇರ್ತೀನ್ರಿ ನಾನು. ಸಂಜಿಮುಂದ ಮಿಷನ್ ಸರಿ ಐತೋ ಇಲ್ಲೋ ನೋಡಾಕ ನನ್ನ ಕೈ ನಾನ ಇಟ್ಟ ನೋಡ್ತಿದ್ದೆ. ಹಿಂಗ ಬರತಿತ್ತು, ಹಲ್ಲ ಹಲ್ಲ. ಹೊಟ್ಟಿ ಖಾಲಿ ಆತಂದ್ರ ರಕ್ತದಾಗಿನ ಸಕ್ಕರಿ ಇಳೀತೈತಿ, ಮೈ ತಾನ ಒಂದು ರಸ ಬಿಡತೈತಿ, ನರಾ ಬಿಗೀತಾವು, ಕೈ ನಡಗತೈತಿ. ಒಂದ್ ಮಾತ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ನೀವು ಈ ಕೆಲಸಾ ಯಾವಾಗ ಮಾಡ್ತಿದ್ರಿ?”

ಉತ್ತರ ದಾನೇಶ್ವರಿಯ ಒಳಗೆ ಮೆಲ್ಲಗೆ ಎದ್ದು ಬರುತ್ತಿತ್ತು. ಲಿಂಗಪೂಜೆಯಾಗದೆ ತುತ್ತು ಮುಟ್ಟದ ಮನೆಯಲ್ಲಿ ಬೆಳೆದವಳು ಅವಳು. ಮೊದಲ ಸಲ ಲೇಖನಿ ಹಿಡಿದಾಗ, ಕಾಯಕವೂ ಪೂಜೆಯೇ ಅಲ್ಲವೇ ಎಂದು ಮನಸ್ಸಿಗೆ ಬಂದಿತ್ತು. ಅಂದಿನಿಂದ ಒಂದು ನೇಮ. ಮುಂಜಾನೆ ಮಿಂದು, ಪೂಜೆ ಮಾಡಿ, ಹಸಿದ ಹೊಟ್ಟೆಯಲ್ಲೇ ಹಲಗೆಯ ಮುಂದೆ ಕೂರುವುದು. ಹಿಡಿದ ಚಿತ್ರ ಮುಗಿಯದೆ ಒಲೆಯ ಕಡೆ ಹೋಗುವಂತಿಲ್ಲ. ಚಿತ್ರ ಎಂದರೆ ಗಿರಾಕಿಗಳು. ಗಿರಾಕಿಗಳೆಂದರೆ ಎದ್ದದ್ದನ್ನು ಕೂರಿಸಿ ಕೂತದ್ದನ್ನು ಎಬ್ಬಿಸುವವರು. ಎಷ್ಟೋ ದಿನ ಮುಂಜಾನೆಯ ನೇಮ ಸಂಜೆಗೆ ಮುಗಿಯುತ್ತಿತ್ತು.

ಲೇಖನಿ ತಾನು ಕಂಡದ್ದನ್ನು ಕಲಿತಿತ್ತು. ಅದು ಕಂಡದ್ದು ಹಸಿದ ದಾನೇಶ್ವರಿಯನ್ನು ಮಾತ್ರ.

ಅವಳು ಎಲ್ಲವನ್ನೂ ಹೇಳಿದಳು. ಹಫೀಜಾ ತನ್ನ ಡಬ್ಬಿಯಿಂದ ಚಪಾತಿ ಮುರಿದು ಅವಳ ಕೈಗಿತ್ತಳು. “ಮೊದಲ ಇದನ್ನ ತಿನ್ರಿ. ಪೆನ್ನು ಮುಣಗಲಿ.”

“ಹಂಗಾರ ಉಪಾಸ ಇದ್ರ ಗುರುತು ಹಿಡೀತೈತಿ?”

“ಪೂರಾ ಉಪಾಸ ಇದ್ರ ಹಿಡೀತೈತಿ. ಮಾರನೇ ದಿನ ಉಂಡ್ರ ಮತ್ತ ಬಿಡತೈತಿ. ದಿನಾ ಉಪಾಸ ಇದ್ರ…” ಹಫೀಜಾ ವಾಕ್ಯವನ್ನು ಮುಗಿಸದೆ ಪರದೆಯ ಮೇಲಿನ ನಿಯಮಗಳನ್ನು ಕೆದಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಡೆ ಬೆರಳಿಟ್ಟಳು. “ಇದೊಂದೈತಿ ನೋಡ್ರಿ. ಕೈ ಕೂಡಿಕೆ ಅಂತ. ಬಲಗೈ ಹೋಗಿ ಎಡಗೈಲೆ ಬರಿಯೋರಿಗೆ ಮಾಡಿದ್ದು. ಹಳೇ ಕೈ, ಹೊಸಾ ಕೈ ಎರಡೂ ಒಂದ ಹಿಡಿತದಾಗ ತೋರಸಬೇಕು. ಅಂದ್ರ ಹಳೇ ಕೈಲೆ ಸುರು ಮಾಡಿ, ಪೆನ್ನು ಹಲಗಿಗೆ ಅಂಟಿಕೊಂಡಂಗ ಇರಬೇಕು, ಗೆರಿ ನಿಂದ್ರಬಾರ್ದು, ಅಷ್ಟರಾಗ ಹೊಸಾ ಕೈಗೆ ಬರಬೇಕು. ಹಂಗಾದ್ರ ಎರಡೂ ಒಬ್ಬರವು ಅಂತ ಒಪ್ಪತೈತಿ. ಹಳೇ ಚಿತ್ರಾನೂ ಉಳೀತಾವು.”

“ನನ್ನ ಹಳೇ ಕೈ ಹೊಸಾ ಕೈ ಎರಡೂ ಬಲಗೈ ಅಲ್ಲೇನ್ರಿ.”

“ಅದಕ್ಕ ಅಂದೆ. ಹಸದು ಸುರು ಮಾಡಬೇಕು, ಬರಕೋತನ ಹೊಟ್ಟಿ ತುಂಬಬೇಕು. ಬರಿಯೂ ಕೈ ಉಣ್ಣಾಕ ಬರೂದಿಲ್ಲ. ಮನ್ಯಾಗ ಯಾರರ ಅದಾರೇನು?”

ಮನೆಗೆ ಬಂದು ಹೇಳಿದಾಗ ವಿರೂಪಾಕ್ಷಪ್ಪನಿಗೆ ಮೊದಲು ಸಿಟ್ಟು ಬಂತು. ಡಾಕ್ಟರು ಬೈದದ್ದು ಮರೆತೆಯೇನು, ಸತ್ತರೆ ಅಂಗೈ ಮೂಡಿಸಿಕೊಂಡು ಏನು ಮಾಡುವಿ ಎಂದ. ಬೇರೆ ಹೆಸರಿನಿಂದ ಹೊಸದಾಗಿ ಶುರುಮಾಡು ಎಂದ. ಅವಳು ಡಾಕ್ಟರನ್ನು ಕೇಳಿಬಂದಳು. ಅವರು ಗುಳಿಗೆ ತಪ್ಪಿಸದೆ ಒಂದೇ ಒಂದು ಮುಂಜಾನೆ, ಅದೂ ಹೊಟ್ಟೆ ನೊಂದ ಕೂಡಲೇ ನಿಲ್ಲಿಸುವುದಾದರೆ ಆಗಲಿ ಎಂದರು.

“ನೀವ ಉಣಸಬೇಕು,” ಎಂದಳು ಗಂಡನಿಗೆ.

“ನಾನಾ?” ಅವನು ತನ್ನ ಅಂಟುಬೆರಳುಗಳನ್ನು ನೋಡಿಕೊಂಡ. “ಲಗ್ನದಾಗ ಒಂದ ತುತ್ತು ಉಣಿಸಿದ್ದೆ. ಅದನ್ನೂ ನಿಮ್ಮ ಮಂದಿ ನಕ್ಕಿದ್ದಕ್ಕ ಮೂಗಿಗೆ ಹಚ್ಚಿದ್ದೆ.”

ಗೊತ್ತುಮಾಡಿದ ದಿನ ಅವಳು ಮಿಂದು ಪೂಜೆ ಮುಗಿಸಿ ಹಲಗೆಯ ಮುಂದೆ ಕೂತಳು. ಹೊತ್ತು ಏರುವವರೆಗೆ ಕಾಯ್ದಳು. ಫೋನು ಪಕ್ಕದಲ್ಲಿತ್ತು, ಅದರಲ್ಲಿ ಸಹಾಯವಾಣಿಯ ದನಿ ಒಂದು ಕಡೆ, ಹುಬ್ಬಳ್ಳಿಯಿಂದ ಸಾಕ್ಷಿಯಾಗಿ ಹಫೀಜಾ ಇನ್ನೊಂದು ಕಡೆ. ವಿರೂಪಾಕ್ಷಪ್ಪ ಬೆಲ್ಲ ಹಾಕಿದ ಬಿಸಿ ಗೋಧಿನುಚ್ಚಿನ ಸಜ್ಜಕವನ್ನು ಹಾಲಿನಲ್ಲಿ ಕಲಸಿ, ಕೈಯನ್ನು ಮೊಣಕೈವರೆಗೆ ತೊಳೆದುಕೊಂಡು ಬಂದು ಕೂತ.

ಬೆರಳ ತುದಿ ನಡುಗತೊಡಗಿದಾಗ ಲೇಖನಿ ಎತ್ತಿಕೊಂಡಳು. ಹಲಗೆಯ ಅಂಚಿನಿಂದ ಒಂದು ಗೆರೆ ಹೊರಟಿತು. ಮೂಲೆಯಲ್ಲಿ ಅಂಗೈ ಫಕ್ಕನೆ ಮೂಡಿತು.

“ದಾನೇಶ್ವರಿಯವರೇ, ತಮಗೆ ಸ್ವಾಗತ,” ಎಂದಿತು ದನಿ.

ಅವಳಿಗೆ ಸಂತೋಷವಾಗಲಿಲ್ಲ. ಆ ಸ್ವಾಗತ, ಹಸಿದು ಬಂದರೆ ತೆರೆದು ಉಂಡು ಬಂದರೆ ಮುಚ್ಚುವ ಬಂಧುವಿನ ಬಾಗಿಲಿನಂತೆ ಕಂಡಿತು.

“ಉಣಸ್ರಿ,” ಎಂದಳು ಹಫೀಜಾ.

ಮೊದಲ ತುತ್ತು ತುಟಿಗೆ ತಗುಲಿ ಗದ್ದಕ್ಕೆ ಇಳಿಯಿತು. ದಾನೇಶ್ವರಿಯ ಕಣ್ಣು ಗೆರೆ ಬಿಟ್ಟು ಕದಲುವಂತಿರಲಿಲ್ಲ. ವಿರೂಪಾಕ್ಷಪ್ಪ ಎಡಗೈಯಿಂದ ಗದ್ದ ಒರೆಸಿ, ಎರಡನೆಯ ತುತ್ತನ್ನು ಚಿಕ್ಕದು ಮಾಡಿದ. ಮೂರನೆಯದಕ್ಕೆ ಅವನಿಗೆ ಲಯ ಸಿಕ್ಕಿತು: ಅವಳು ನುಂಗುವುದನ್ನು ಕಾಯುವುದು, ಉಸಿರೆಳೆದುಕೊಳ್ಳಲು ಬಿಡುವುದು, ಆಮೇಲೆ ಮುಂದಿನ ತುತ್ತು. ಗೆರೆ ಹಲಗೆಯ ಅಂಚನ್ನು ಸುತ್ತಿ ಬಂದು, ಒಳಸುತ್ತು ಹಿಡಿದು, ಅದರೊಳಗೆ ಇನ್ನೊಂದು ಸುತ್ತು ಹಿಡಿಯಿತು. ಹೊರಸುತ್ತು ಮುಳ್ಳುಮುಳ್ಳಾಗಿತ್ತು.

“ತಡಾ ಆಗತೈತ್ರಿ ರಕ್ತಕ್ಕ ಇಳಿಯಾಕ,” ಎಂದು ಹಫೀಜಾ ಮೆಲ್ಲಗೆ ಹೇಳಿದಳು. “ಅವಸರಾ ಬ್ಯಾಡ. ಗೆರಿ ಮಾತ್ರ ನಿಂದರಸಬ್ಯಾಡ್ರಿ.”

ಒಂದು ಹಂತದಲ್ಲಿ ಅಂಗೈ ಮಂಕಾಯಿತು. ಹಳೆಯ ಕೈ ಹೋಗುತ್ತಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ತೋಳು ಸೋತು ಭಾರವಾಗಿತ್ತು. ಲೇಖನಿ ಕೆಳಗಿಟ್ಟುಬಿಡೋಣ ಎನ್ನಿಸಿತು ದಾನೇಶ್ವರಿಗೆ. ಇಟ್ಟರೆ ಇಷ್ಟು ಕಾಲದ್ದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ವಿರೂಪಾಕ್ಷಪ್ಪ ಬಟ್ಟಲನ್ನು ತೊಡೆಗಳ ನಡುವೆ ಇರಿಸಿಕೊಂಡು, ಎಡ ಅಂಗೈಯನ್ನು ಅವಳ ಮೊಣಕೈಯ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ, ಹಿಡಿದ. ಬಿದ್ದರೆ ಇರಲಿ ಎಂದು. ಅವಳ ತೋಳು ಬೀಳಲಿಲ್ಲ. ಮುಳ್ಳುಗಳು ಒಂದೊಂದಾಗಿ ಮಲಗಿದವು. ನಡುವಿನ ಸುತ್ತಿಗೆ ಬರುವಷ್ಟರಲ್ಲಿ ಗೆರೆ ನೂಲಿನ ಹಾಗೆ ಹರಿಯುತ್ತಿತ್ತು.

ಅಂಗೈ ತಿಳಿಯಾಗಿ ಮೂಡಿ ನಿಂತಿತು.

“ಎರಡು ಕೈಗಳೂ ಒಬ್ಬರವೇ ಎಂದು ಒಪ್ಪಲಾಗಿದೆ,” ಎಂದಿತು ದನಿ. “ದಾನೇಶ್ವರಿಯವರೇ, ಇನ್ನು ಮುಂದೆ ಯಾವ ಕೈಯನ್ನು ತಮ್ಮ ಮುಖ್ಯ ಗುರುತಾಗಿ ಇಟ್ಟುಕೊಳ್ಳುತ್ತೀರಿ? ದಯವಿಟ್ಟು ತಮ್ಮ ಬಾಯಿಯಿಂದ ಹೇಳಿ. ಹೇಳದಿದ್ದಲ್ಲಿ ಹಳೆಯದೇ ಉಳಿಯುತ್ತದೆ.”

ಅವಳ ಬಾಯಿಯಲ್ಲಿ ತುತ್ತಿತ್ತು.

“ದಾನೇಶ್ವರಿಯವರೇ, ತಮ್ಮ ಉತ್ತರ ಕೇಳಿಸಲಿಲ್ಲ.”

“ಅಕಿ ಉಣ್ಣಾಕತ್ತಾಳ್ರಿ,” ಎಂದ ವಿರೂಪಾಕ್ಷಪ್ಪ.

“ನಾ ಹಿಡಕೊಂಡಿರ್ತೀನ್ರಿ ಲೈನು,” ಎಂದಳು ಹಫೀಜಾ. “ಅದು ಎಲ್ಲಿಗೂ ಹೋಗೂದಿಲ್ಲ. ನುಂಗಿ ಹೇಳ್ರಿ.”

ದಾನೇಶ್ವರಿ ಲೇಖನಿಯನ್ನು ಕೆಳಗಿಟ್ಟಳು. ಅವಳು ಸಾವಕಾಶವಾಗಿ ಅಗಿದಳು, ನುಂಗಿದಳು, ಒಂದು ಉಸಿರು ತೆಗೆದುಕೊಂಡಳು.

“ಉಂಡ ಕೈರಿ,” ಎಂದಳು. ಆಮೇಲೆ ಗಂಡನ ಮುಂದಿದ್ದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.